ಉರಿವ ರೆಕ್ಕೆಯ ಕೆಳಗೆ ಕಡಲು

ಮೀನಿನಂತೆ ಬಾಗಿದ ನೀಳ ಮೈ. ಹಿಂದೆ ಒಂದಲ್ಲ, ಮೂರು ಬಾಲಫಲಕಗಳು. ನಾಲ್ಕು ಎಂಜಿನುಗಳು, ಒಂದೊಂದಕ್ಕೂ 18 ಸಿಲಿಂಡರುಗಳು. ಪಂಖದ ವಿಮಾನಗಳಲ್ಲಿ ಲಾಕ್‌ಹೀಡ್ ಕಾನ್‌ಸ್ಟಲೇಷನ್ನಿಗಿಂತ ಚೆಲುವಾದುದು ಬೇರೊಂದಿಲ್ಲವೆನ್ನುವವರು ಇಂದಿಗೂ ಉಂಟು. ಹೆಸರಿನ ಅರ್ಥ ನಕ್ಷತ್ರಪುಂಜ. ಅಮೆರಿಕದ ಬರ್ಬ್ಯಾಂಕಿನಲ್ಲಿ 1943ರ ಜನವರಿ 9ರಂದು ಅದು ಮೊದಲು ಮೇಲೆದ್ದಿತು. ಎತ್ತರದ ತೆಳುಗಾಳಿಯನ್ನು ಒತ್ತಿ ಒಳಗೆ ತುಂಬುವ ಏರ್ಪಾಡಿದ್ದುದರಿಂದ, ಮೋಡ ಬಿರುಗಾಳಿಗಳನ್ನು ಕೆಳಗೆ ಬಿಟ್ಟು ಹಾರುವುದು ಅದಕ್ಕೆ ಸಾಧ್ಯವಾಯಿತು.

ಭಾರತಕ್ಕೂ ಅದರ ನಂಟು ಹಳೆಯದು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಪಯಣ ದಿನಗಳ ಲೆಕ್ಕಕ್ಕೆ ಇಳಿಯಿತು.

ಅದೇ ಸಂಸ್ಥೆಯ ಇನ್ನೊಂದು ಕಾನ್‌ಸ್ಟಲೇಷನ್ ‘ಕಾಶ್ಮೀರ್ ಪ್ರಿನ್ಸೆಸ್’. ಬಾಂಡುಂಗಿನಲ್ಲಿ ಏಷ್ಯಾ-ಆಫ್ರಿಕಾ ರಾಷ್ಟ್ರಗಳ ಸಮ್ಮೇಳನಕ್ಕೆ ಹೊರಟಿದ್ದ ಚೀನದ ನಿಯೋಗದವರನ್ನೂ ಪತ್ರಕರ್ತರನ್ನೂ ಹೊತ್ತು, 1955ರ ಏಪ್ರಿಲ್ 11ರಂದು ಅದು ಹಾಂಗ್‌ಕಾಂಗಿನಿಂದ ಜಕಾರ್ತದತ್ತ ಹಾರಿತು. ಪ್ರಧಾನಿ ಚೌ ಎನ್ ಲಾಯ್ ಅದರಲ್ಲಿಯೇ ಬರಬೇಕಾಗಿದ್ದಿತು, ಕೊನೆಗೆ ಬರಲಿಲ್ಲ. ಚಕ್ರಗಳು ಮಡಚಿಕೊಳ್ಳುವ ಗೂಡಿನಲ್ಲಿ ಯಾರೋ ಕಾಲಬಾಂಬನ್ನು ಅಡಗಿಸಿದ್ದರು.

ನಟೂನಾ ದ್ವೀಪಗಳ ಬಳಿ, ಸುಮಾರು 18,000 ಅಡಿ ಎತ್ತರದಲ್ಲಿ, ಅದು ಸಿಡಿಯಿತು. ಬಲರೆಕ್ಕೆಯ ಎಣ್ಣೆತೊಟ್ಟಿ ಒಡೆದು ಬೆಂಕಿ ಹೊತ್ತಿತು, ಒಳಗೆಲ್ಲ ಹೊಗೆ. ನೆಲ ಎಲ್ಲಿಯೂ ಹತ್ತಿರವಿರಲಿಲ್ಲ. ಕ್ಯಾಪ್ಟನ್ ಜಾತಾರರು ವಿಮಾನವನ್ನು ಕಡಲಿಗೇ ಇಳಿಸಲು ನಿಶ್ಚಯಿಸಿದರು. ರೇಡಿಯೋ ಸ್ತಬ್ಧವಾಗುವ ಮೊದಲೇ ತಾವಿದ್ದ ಸ್ಥಾನವನ್ನು ತಿಳಿಸುವ ಸಂಕೇತಗಳು ಹೊರಟಿದ್ದವು. ಗಗನಸಖಿ ಗ್ಲೋರಿಯಾ ಬೆರ್ರಿ ಆ ಹೊಗೆಯಲ್ಲಿಯೇ ನಡೆದು ಪ್ರಯಾಣಿಕರಿಗೆ ತೇಲುವ ಅಂಗಿಗಳನ್ನು ಹಂಚಿದರು. ಬಲರೆಕ್ಕೆ ಮೊದಲು ನೀರಿಗೆ ತಾಗಿತು, ವಿಮಾನ ಛಿದ್ರವಾಯಿತು.

ಇದ್ದ 19 ಮಂದಿಯಲ್ಲಿ 16 ಮಂದಿ ಮಡಿದರು. ಜಾತಾರರೂ ಗ್ಲೋರಿಯಾ ಬೆರ್ರಿಯೂ ಆ ಪೈಕಿಯವರೇ. ಬದುಕುಳಿದವರು ಮೂವರು: ಸಹವೈಮಾನಿಕ ದೀಕ್ಷಿತ್, ಮಾರ್ಗದರ್ಶಕ ಪಾಠಕ್, ಎಂಜಿನಿಯರ್ ಕಾರ್ಣಿಕ್. ಕೇಡು ಬಗೆದದ್ದು ಒಬ್ಬ ರಾಜಕಾರಣಿಗೆ. ಅದನ್ನು ಉಂಡವರು ಆ ಜಗಳದಲ್ಲಿ ಪಾಲಿಲ್ಲದ ವಿಮಾನದ ಸಿಬ್ಬಂದಿ ಮತ್ತು ಪ್ರಯಾಣಿಕರು.

1960ರಲ್ಲಿ ಏರ್ ಇಂಡಿಯಾಕ್ಕೆ ಬೋಯಿಂಗ್ 707 ಜೆಟ್ಟುಗಳು ಬಂದವು. ಪಂಖದ ವಿಮಾನಗಳ ಕಾಲ ಮುಗಿಯತೊಡಗಿತು. ತಯಾರಾದ 856 ಕಾನ್‌ಸ್ಟಲೇಷನ್ನುಗಳಲ್ಲಿ ಕೆಲವೇ ಇಂದು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳ ಚೆಲುವನ್ನು ನೋಡಿ ಮೆಚ್ಚುವವರು, ಉರಿವ ರೆಕ್ಕೆಯ ನಡುವೆಯೂ ತಮ್ಮ ಕೆಲಸವನ್ನು ಬಿಡದಿದ್ದ ಆ ಎಂಟು ಮಂದಿ ಸಿಬ್ಬಂದಿಯನ್ನೂ ಒಮ್ಮೆ ನೆನೆಯುವುದು ಉಚಿತ.