ಬಿಲ್ಲಿನ ಸಾಲೂ ಬಿಡುವಿನ ಕೈಯೂ

ಸಾಮಾನನ್ನು ಆರಿಸಿಕೊಳ್ಳುವುದಕ್ಕಿಂತ ಅದಕ್ಕೆ ಹಣ ತೆತ್ತು ಹೊರಬೀಳುವುದೇ ಹೆಚ್ಚು ಕಷ್ಟವೆನಿಸುವ ಸ್ಥಳವೊಂದು ಈಗ ನಮ್ಮ ದೊಡ್ಡ ಊರುಗಳಲ್ಲೆಲ್ಲ ಕಾಣಬರುತ್ತದೆ. ಅದನ್ನು ಸೂಪರ್ ಮಾರ್ಕೆಟ್ ಎಂದು ಕರೆಯುತ್ತೇವೆ. ತಿಂಗಳ ಮೊದಲ ಭಾನುವಾರದ ಸಂಜೆ, ಬೆಂಗಳೂರಿನದಾಗಲಿ ಹುಬ್ಬಳ್ಳಿಯದಾಗಲಿ, ಅಂಥ ಅಂಗಡಿಯೊಂದನ್ನು ಹೊಕ್ಕು ನೋಡಿ. ಅಕ್ಕಿ, ಬೇಳೆ, ಎಣ್ಣೆ, ಸೋಪುಗಳನ್ನು ಕಾಲು ಗಂಟೆಯಲ್ಲಿ ಟ್ರಾಲಿಗೆ ತುಂಬಿಕೊಂಡ ಗೃಹಸ್ಥರು ಬಿಲ್ಲಿನ ಕೌಂಟರಿನ ಮುಂದೆ ಅರ್ಧ ಗಂಟೆ ನಿಂತಿರುತ್ತಾರೆ. ಕೌಂಟರುಗಳು ಆರಿದ್ದರೂ ಬಿಲ್ಲು ಮಾಡುವವರು ಇರುವುದು ಮೂರರಲ್ಲಿ. ಉಳಿದ ಮೂರಕ್ಕೆ ಸರಪಣಿ ಬಿಗಿದಿರುತ್ತದೆ. ತಾವು ನಿಂತ ಸಾಲು ಇದ್ದಲ್ಲೇ ಇದ್ದು, ಪಕ್ಕದ ಸಾಲು ಸರಾಗವಾಗಿ ಮುಂದೆ ಹೋಗುತ್ತಿರುವುದನ್ನು ಅವರು ನೋಡುತ್ತಾರೆ. ತಾಳ್ಮೆಗೆಟ್ಟು ಆ ಸಾಲಿಗೆ ಸೇರಿಕೊಂಡರೆ, ಬಿಟ್ಟುಬಂದ ಸಾಲು ಚಲಿಸತೊಡಗುತ್ತದೆ.

ಆಗ ಹುಟ್ಟುವ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಕೆಲವರು ತಮ್ಮ ಹಣೆಬರಹವನ್ನು ಹಳಿಯುತ್ತಾರೆ. ಕೆಲವರು, ಚೀಲದ ತಳದಿಂದ ಚಿಲ್ಲರೆಯನ್ನು ಹೆಕ್ಕುತ್ತಿರುವ ಮುಂದಿನ ಅಜ್ಜಿಯನ್ನು ದುರುಗುಟ್ಟಿಕೊಂಡು ನೋಡುತ್ತಾರೆ. ಬಹುಮಂದಿಯ ಕೋಪವಾದರೋ ಬೆಳಗಿನಿಂದ ನಿಂತೇ ಬಿಲ್ಲು ಮಾಡುತ್ತಿರುವ ಹೆಣ್ಣುಮಗಳ ಮೇಲೆ ಹರಿಯುತ್ತದೆ. ಈ ಮೂರೂ ಆರೋಪಗಳು ಸಲ್ಲವೆಂದೂ, ಸಾಲಿನ ಉದ್ದವನ್ನು ನಿಶ್ಚಯಿಸುವವರು ಸಾಲಿನ ಸಮೀಪದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವೆಂದೂ ನನ್ನ ಅಭಿಪ್ರಾಯ. ನೂರು ವರ್ಷಗಳಿಗೂ ಹಿಂದಿನಿಂದ ಬೆಳೆದುಬಂದ ಗಣಿತವೊಂದು ಈ ಅಭಿಪ್ರಾಯಕ್ಕೆ ಆಧಾರವಾಗಿದೆ.

ಹಣೆಬರಹದ ಮಾತನ್ನು ಮೊದಲು ಮುಗಿಸಿಬಿಡೋಣ. ಮೂರು ಸಾಲುಗಳಿವೆ, ಯಾವುದು ಬೇಗ ಸಾಗುವುದೆಂದು ಮುಂಚಿತವಾಗಿ ತಿಳಿಯುವಂತಿಲ್ಲ. ಹಾಗಿರುವಲ್ಲಿ ನಾವು ಸೇರಿದ ಸಾಲೇ ಎಲ್ಲಕ್ಕಿಂತ ವೇಗದ್ದಾಗುವ ಸಂಭವ ಮೂರರಲ್ಲಿ ಒಂದು ಪಾಲು. ಎಂದರೆ, ಮೂರು ಸಲ ಅಂಗಡಿಗೆ ಹೋದರೆ ಸುಮಾರು ಎರಡು ಸಲ ಪಕ್ಕದ ಯಾವುದೋ ಒಂದು ಸಾಲು ನಮ್ಮನ್ನು ಹಿಂದಿಕ್ಕಲೇಬೇಕು. ಬೇಗ ಬಿಡುಗಡೆಯಾದ ದಿನವನ್ನು ನಾವು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ತಡವಾದ ದಿನವನ್ನು ಮನೆಗೆ ಬಂದು ನಾಲ್ಕು ಜನಕ್ಕೆ ಹೇಳುತ್ತೇವೆ. ಇಷ್ಟರಲ್ಲಿ ಗ್ರಹಗತಿಯ ಕೈವಾಡವೇನೂ ಇಲ್ಲ.

ಈ ಸಾಲು ನಮಗೆ ಹೊಸದು. ಶೆಟ್ಟರ ಅಂಗಡಿಯ ಕಾಲದಲ್ಲಿ ಗ್ರಾಹಕನು ಚೀಟಿ ಕೊಟ್ಟು ಕಟ್ಟೆಯ ಮೇಲೆ ಕುಳಿತರೆ, ಅಂಗಡಿಯ ಆಳುಗಳು ಸಾಮಾನನ್ನು ತೂಗಿ ಕಟ್ಟಿ ಮುಂದಿಡುತ್ತಿದ್ದರು. ಗಿರಾಕಿಯೇ ಒಳಹೊಕ್ಕು ತನಗೆ ಬೇಕಾದುದನ್ನು ತಾನೇ ಎತ್ತಿಕೊಳ್ಳುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದವನು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ನಗರದಲ್ಲಿ ಅವನು ತೆರೆದ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ಅಂಗಡಿ ಇಂದಿನ ಸೂಪರ್ ಮಾರ್ಕೆಟ್ಟಿನ ಮೂಲಪುರುಷ. ಹುಡುಕುವ, ಎತ್ತುವ, ಹೊರುವ ಕೆಲಸಗಳೆಲ್ಲ ಹೀಗೆ ಆಳುಗಳಿಂದ ಗಿರಾಕಿಗೆ ವರ್ಗವಾದುವು. ಲೆಕ್ಕ ಹಾಕಿ ಹಣ ಪಡೆಯುವ ಒಂದು ಕೆಲಸ ಮಾತ್ರ ಅಂಗಡಿಯ ಕೈಯಲ್ಲಿ ಉಳಿಯಿತು. ನೂರು ಜನ ಏಕಕಾಲಕ್ಕೆ ಆರಿಸಿಕೊಳ್ಳಬಹುದು, ಹೊರಡುವಾಗ ಮಾತ್ರ ಮೂರು ಕಿಂಡಿಗಳಲ್ಲಿ ತೂರಬೇಕು. ಲಾಳಿಕೆಯ ಬಾಯಿ ಎಷ್ಟು ಅಗಲವಾದರೇನು, ಎಣ್ಣೆ ಇಳಿಯುವುದು ಕೊಳವೆಯ ಅಳತೆಗೆ ತಕ್ಕಂತೆ.

ಆ ಕೊಳವೆಯನ್ನು ಅಗಲಿಸುವ ಸಲುವಾಗಿಯೇ ಬಾರ್‌ಕೋಡ್ ಹುಟ್ಟಿತು. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬವನು ಮಯಾಮಿಯ ಕಡಲತೀರದಲ್ಲಿ ಕುಳಿತು ಮೋರ್ಸ್ ಸಂಕೇತದ ಚುಕ್ಕೆ-ಗೆರೆಗಳನ್ನು ಯೋಚಿಸುತ್ತ, ಮರಳಿನ ಮೇಲೆ ಬೆರಳುಗಳನ್ನೆಳೆದಾಗ ಮೂಡಿದ ದಪ್ಪ-ಸಣ್ಣ ಗೆರೆಗಳಿಂದ ಅವನಿಗೆ ಈ ಉಪಾಯ ಹೊಳೆಯಿತು. ಅವನಿಗೂ ಅವನ ಮಿತ್ರ ಬರ್ನಾರ್ಡ್ ಸಿಲ್ವರ್‌ಗೂ 1952ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಗೆರೆಗಳನ್ನು ಚೆನ್ನಾಗಿ ಓದಬಲ್ಲ ಅಗ್ಗದ ಲೇಸರ್ ಬೆಳಕೂ ಗಣಕಯಂತ್ರವೂ ಆಗ ಇರಲಿಲ್ಲ. 1974ರ ಜೂನ್ 26ರಂದು ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಕಟ್ಟೊಂದು ಸ್ಕ್ಯಾನರಿನ ಮುಂದೆ ಹಾದುಹೋಯಿತು. ಅಂದಿನಿಂದ ಅಂಗಡಿಗಳಲ್ಲಿ ‘ಬೀಪ್’ ಎಂಬ ಸದ್ದು ಕೇಳತೊಡಗಿತು. ನಮ್ಮ ಪೊಟ್ಟಣಗಳ ಮೇಲಿನ ಹದಿಮೂರು ಅಂಕೆಗಳಲ್ಲಿ ಕೊನೆಯದು ಉಳಿದ ಹನ್ನೆರಡರ ಕಾವಲುಗಾರ. ಅವುಗಳಿಂದ ಲೆಕ್ಕಹಾಕಿ ಪಡೆದ ಅಂಕೆ ಅದಾದುದರಿಂದ, ಯಾವುದಾದರೂ ಒಂದು ಅಂಕೆಯನ್ನು ತಪ್ಪಾಗಿ ಓದಿದರೆ ಯಂತ್ರವು ಒಡನೆಯೇ ಕಂಡುಹಿಡಿಯುತ್ತದೆ.

ಯಂತ್ರ ತಡವರಿಸುವುದೂ ಉಂಟು. ಹಾಲಿನ ಪ್ಯಾಕೆಟ್ಟು ಒದ್ದೆಯಾಗಿ ಸುಕ್ಕಾದರೆ ಗೆರೆಗಳ ನಡುವಿನ ಅಂತರ ಕೆಡುತ್ತದೆ. ಅನೇಕ ಸ್ಕ್ಯಾನರುಗಳು ಬೀರುವುದು ಕೆಂಪು ಬೆಳಕನ್ನು. ಬಿಳಿಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಗೆರೆಗಳನ್ನು ಅಚ್ಚುಹಾಕಿದರೆ, ಕಾಗದದಂತೆಯೇ ಶಾಯಿಯೂ ಆ ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಯಂತ್ರದ ಪಾಲಿಗೆ ಅಲ್ಲಿ ಗೆರೆಗಳೇ ಇರುವುದಿಲ್ಲ. ಆಗ ಬಿಲ್ಲು ಮಾಡುವಾಕೆ ಅಂಕೆಗಳನ್ನು ಒಂದೊಂದಾಗಿ ಒತ್ತುತ್ತಾಳೆ, ಹಿಂದಿನಿಂದ ಯಾರೋ ನಿಟ್ಟುಸಿರಿಡುತ್ತಾರೆ. ಅಚ್ಚಿನ ಮನೆಯವನ ತಪ್ಪಿಗೆ ಆಕೆ ಏನು ಮಾಡಬೇಕು?

ಆದರೂ ಒಟ್ಟಿನಲ್ಲಿ ನೋಡಿದರೆ ಗೆರೆ ಓದುವ ಕೆಲಸದಲ್ಲಿ ಹೆಚ್ಚು ಕಾಲ ಹೋಗುವುದಿಲ್ಲ. ಅದರ ಸುತ್ತ ಬೆಳೆದ ಬಾಲಂಗೋಚಿಗಳಲ್ಲಿ ಹೋಗುತ್ತದೆ. ಬಾಳೆಹಣ್ಣನ್ನು ಅಲ್ಲಿಯೇ ಮೂಲೆಯಲ್ಲಿ ತೂಗಿಸಿ ಚೀಟಿ ಅಂಟಿಸಿಕೊಂಡು ಬರಬೇಕೆಂಬುದು ಗ್ರಾಹಕನಿಗೆ ಗೊತ್ತಾಗುವುದು ತನ್ನ ಸರದಿ ಬಂದಮೇಲೆ. ಚೀಲ ಬೇಕೆ, ದೊಡ್ಡದೆ ಚಿಕ್ಕದೆ ಎಂಬ ಸಂಭಾಷಣೆ ನಡೆಯಬೇಕು. 2016ರಲ್ಲಿ ಯುಪಿಐ ಬಂದಮೇಲೆ ಎರಡು ರೂಪಾಯಿ ಚಿಲ್ಲರೆಗೆ ಬದಲಾಗಿ ಚಾಕೊಲೇಟು ಅಂಟಿಸುವ ಪದ್ಧತಿ ಬಹುಮಟ್ಟಿಗೆ ತೊಲಗಿತು, ಸಂತೋಷ; ಆದರೆ ನೆಲಮಾಳಿಗೆಯ ಅಂಗಡಿಯಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಕ್ಕದೆ ಹಣ ಹೋಯಿತೋ ಇಲ್ಲವೋ ಎಂದು ಗ್ರಾಹಕನೂ ಬಂತೋ ಇಲ್ಲವೋ ಎಂದು ಕ್ಯಾಷಿಯರಳೂ ಮುಖ ಮುಖ ನೋಡುತ್ತ ನಿಲ್ಲುವುದು ಪ್ರಾರಂಭವಾಯಿತು. ಇವೆಲ್ಲಕ್ಕೂ ಮೊದಲು ‘ಮೊಬೈಲ್ ನಂಬರ್ ಹೇಳಿ ಸಾರ್’ ಎಂಬ ಪೀಠಿಕೆ ಇದ್ದೇ ಇದೆ. ಆದಕಾರಣ, ಸಾಲನ್ನು ಆರಿಸುವವರಿಗೆ ನನ್ನದೊಂದು ಸಲಹೆ: ಟ್ರಾಲಿಗಳ ಭಾರವನ್ನು ನೋಡುವುದಕ್ಕಿಂತ ತಲೆಗಳನ್ನು ಎಣಿಸುವುದು ಲೇಸು. ಪೀಠಿಕೆಯೂ ಹಣಪಾವತಿಯೂ ತಲೆಗೊಂದು. ಮೂವತ್ತು ಸಾಮಾನಿನವನಿಗೂ ಅಷ್ಟೇ, ಮೂರು ಸಾಮಾನಿನವನಿಗೂ ಅಷ್ಟೇ.

ಈಗ ಗಣಿತಕ್ಕೆ ಬರೋಣ. ಸಾಲಿನ ಗಣಿತವು ಹುಟ್ಟಿದ್ದು ಟೆಲಿಫೋನ್ ಕಚೇರಿಯಲ್ಲಿ. ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞನು 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯನ್ನು ಸೇರಿದನು. ಕರೆ ಮಾಡುವವರು ಬಹಳ ಹೊತ್ತು ಕಾಯದಿರಬೇಕಾದರೆ ಎಷ್ಟು ತಂತಿಗಳು ಬೇಕು, ಎಷ್ಟು ಮಂದಿ ಆಪರೇಟರುಗಳು ಬೇಕು ಎಂಬುದು ಅವನ ಮುಂದಿದ್ದ ಪ್ರಶ್ನೆ. 1909ರಲ್ಲಿ ಅವನ ಮೊದಲ ಪ್ರಬಂಧ ಹೊರಬಂದಿತು. 1917ರಲ್ಲಿ, ಇಂದಿಗೂ ಬಳಕೆಯಲ್ಲಿರುವ ಸೂತ್ರಗಳನ್ನು ಅವನು ಪ್ರಕಟಿಸಿದನು. ದೂರವಾಣಿಯ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಅವನ ದಾರಿಯಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಕೌಂಟರಿನಲ್ಲಿ ಒಬ್ಬರ ಬಿಲ್ಲು ಮುಗಿಯಲು ಸರಾಸರಿ 2 ನಿಮಿಷ ಹಿಡಿಯುವುದೆನ್ನಿ. ಗ್ರಾಹಕರು ಹೇಳಿ ಕೇಳಿ ಬರುವವರಲ್ಲ. ಒಮ್ಮೆ ಗುಂಪಾಗಿ ಬರುತ್ತಾರೆ, ಒಮ್ಮೆ ಯಾರೂ ಬರುವುದಿಲ್ಲ. ಒಬ್ಬನ ಬಳಿ ಐದು ಸಾಮಾನು, ಇನ್ನೊಬ್ಬನ ಬಳಿ ಐವತ್ತು. ಈ ಏರುಪೇರುಗಳನ್ನೆಲ್ಲ ಒಳಗೊಂಡ ಅತ್ಯಂತ ಸರಳವಾದ ಸೂತ್ರದ ಪ್ರಕಾರ, ಬಿಲ್ಲು ಮಾಡುವಾಕೆ ಗಂಟೆಗೆ 30 ನಿಮಿಷ ಕೆಲಸದಲ್ಲಿದ್ದರೆ ಗ್ರಾಹಕನು ತನ್ನ ಸರದಿಗಾಗಿ ಸರಾಸರಿ 2 ನಿಮಿಷ ಕಾಯಬೇಕು. 48 ನಿಮಿಷ ಕೆಲಸದಲ್ಲಿದ್ದರೆ 8 ನಿಮಿಷ. 54 ನಿಮಿಷವಾದರೆ 18. 57 ನಿಮಿಷವಾದರೆ 38! ಕೊನೆಯ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. ಆಕೆಯ ಬಿಡುವಿನಿಂದ ಮೂರು ನಿಮಿಷಗಳನ್ನು ಕಸಿದುಕೊಂಡ ಮಾತ್ರಕ್ಕೆ ನಮ್ಮಲ್ಲಿ ಪ್ರತಿಯೊಬ್ಬನೂ ಇಪ್ಪತ್ತು ನಿಮಿಷ ಹೆಚ್ಚಾಗಿ ನಿಲ್ಲಬೇಕಾಗುತ್ತದೆ. ಜನ ಗುಂಪಾಗಿ ನುಗ್ಗಿದಾಗ ಬೆಳೆದ ಸಾಲು ಕರಗಬೇಕಾದರೆ ನಡುವೆ ಬಿಡುವು ಇರಬೇಕು. ಬಿಡುವೇ ಇಲ್ಲದಿದ್ದರೆ ಒಂದು ಗುಂಪು ಕರಗುವ ಮುನ್ನ ಇನ್ನೊಂದು ಬಂದು ಸೇರುತ್ತದೆ.

ಮೊಬೈಲ್ ನಂಬರಿನ ಪೀಠಿಕೆಗೆ ಹಿಂತಿರುಗೋಣ. ಹತ್ತು ಅಂಕೆಗಳನ್ನು ಹೇಳಿ ಒತ್ತಿಸಲು ಆರು ಸೆಕೆಂಡು ಸಾಕೆಂದು ಉದಾರವಾಗಿ ಒಪ್ಪಿಕೊಳ್ಳೋಣ. ಗಂಟೆಗೆ 54 ನಿಮಿಷ ದುಡಿಯುತ್ತಿರುವ ಕೌಂಟರಿನಲ್ಲಿ ಪ್ರತಿ ಗ್ರಾಹಕನಿಗೂ ಈ ಆರು ಸೆಕೆಂಡುಗಳನ್ನು ಸೇರಿಸಿದರೆ, 18 ನಿಮಿಷಗಳ ಕಾಯುವಿಕೆ 36 ನಿಮಿಷವಾಗುತ್ತದೆ. ಆರು ಸೆಕೆಂಡಿಗೆ ಹದಿನೆಂಟು ನಿಮಿಷಗಳ ಬಡ್ಡಿ! ಯಾವ ಲೇವಾದೇವಿಗಾರನೂ ಇದನ್ನು ಕೇಳಲು ಹೆದರಿಯಾನು. ಗ್ರಾಹಕರ ಒಪ್ಪಿಗೆಯಿಲ್ಲದೆ ಮೊಬೈಲ್ ನಂಬರಿಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಕೊಡಲೊಲ್ಲೆನೆಂದು ಹೇಳುವವನು ತನ್ನ ಗುಟ್ಟನ್ನಷ್ಟೇ ಅಲ್ಲ, ಹಿಂದೆ ನಿಂತವರ ಸಮಯವನ್ನೂ ಕಾಪಾಡುತ್ತಾನೆ.

ಮೂರು ಕೌಂಟರಿಗೆ ಮೂರು ಸಾಲುಗಳೇ ಏಕೆ ಬೇಕು ಎಂದೂ ಕೇಳಬಹುದು. ವಿಮಾನ ನಿಲ್ದಾಣದ ತಪಾಸಣೆಯಲ್ಲಿರುವಂತೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಯಾವ ಕೌಂಟರು ತೆರವಾಗುವುದೋ ಅಲ್ಲಿಗೆ ಮುಂದಿನವನು ಹೋಗುವ ಏರ್ಪಾಡು ಮಾಡಿದರೆ, ಮೇಲಿನ 18 ನಿಮಿಷ ಸುಮಾರು ಐದೂವರೆ ನಿಮಿಷಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತ್ಯೇಕ ಸಾಲುಗಳಲ್ಲಿರುವವರು ಚಿಕ್ಕ ಸಾಲನ್ನು ನೋಡಿ ಸೇರುತ್ತಾರೆ, ನಡುವೆ ಹಾರುತ್ತಾರೆ. ಆದುದರಿಂದ ನಿಜವಾದ ಉಳಿತಾಯ ಇಷ್ಟಾಗದು. ಆದರೆ ಬೆಲೆ ಗೊತ್ತಿಲ್ಲದ ಪೊಟ್ಟಣವೊಂದರಿಂದ ಒಂದು ಕೌಂಟರು ನಿಂತುಹೋದಾಗ, ಅದರ ಪೂರ್ತಿ ಹೊರೆ ದುರದೃಷ್ಟವಶಾತ್ ಅಲ್ಲಿ ನಿಂತವರ ಮೇಲೆ ಮಾತ್ರ ಬೀಳುವುದು ತಪ್ಪುತ್ತದೆ. ಮೊದಲು ಬಂದವರು ಮೊದಲು ಕೌಂಟರು ಸೇರುತ್ತಾರೆ. ಕಾಯುವುದನ್ನು ಮನುಷ್ಯ ಸಹಿಸಿಯಾನು. ತನ್ನ ಹಿಂದೆ ಬಂದವನು ಮುಂದೆ ಹೋಗುವುದನ್ನು ಸಹಿಸಲಾರ.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇನ್ನೂ ಉಳಿದಿದೆ. ಅದೇ ಒಂದು ಸಾಲು, ಅಷ್ಟೇ ಜನ. ಸರಪಣಿ ಬಿಗಿದ ಕೌಂಟರುಗಳಲ್ಲಿ ಒಂದನ್ನು ತೆರೆದು ನಾಲ್ಕನೆಯವಳೊಬ್ಬಳನ್ನು ಕೂರಿಸಿ. ಐದೂವರೆ ನಿಮಿಷದ ಕಾಯುವಿಕೆ ಎಷ್ಟಾಗುವುದು? ನಾಲ್ಕು ನಿಮಿಷವಲ್ಲ, ಮೂರೂ ಅಲ್ಲ, 36 ಸೆಕೆಂಡು!

ಆದರೆ ಆಗ ನಾಲ್ವರೂ ಗಂಟೆಗೆ ಇಪ್ಪತ್ತು ನಿಮಿಷದಷ್ಟು ಕೈಕಟ್ಟಿ ಇರುತ್ತಾರೆಂದು ಅಂಗಡಿಯ ಮಾಲೀಕರು ಹೇಳುತ್ತಾರೆ. ಹೌದು, ಇರುತ್ತಾರೆ. ಅವರ ಆ ಬಿಡುವು ಸಂಬಳದ ಲೆಕ್ಕದಲ್ಲಿ ಕಾಣುತ್ತದೆ. ಸಾಲಿನಲ್ಲಿ ನಿಂತ ನೂರಾರು ಜನರ ನಿಮಿಷಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಕಾಣುವ ಖರ್ಚನ್ನು ಉಳಿಸಿ ಕಾಣದ ಖರ್ಚನ್ನು ಗ್ರಾಹಕನ ಹೆಗಲಿಗೆ ದಾಟಿಸುವುದಕ್ಕೆ ದಕ್ಷತೆ ಎಂಬ ಹೆಸರು ಸಲ್ಲದು. ಬೆಂಕಿ ಹತ್ತದ ದಿನ ಅಗ್ನಿಶಾಮಕ ದಳದವರು ಸುಮ್ಮನಿರುವರೆಂದು ಅರ್ಧ ಜನರನ್ನು ಮನೆಗೆ ಕಳಿಸುತ್ತೇವೆಯೆ?

ಕೆಲವು ಅಂಗಡಿಗಳು ಸಾಲನ್ನು ಕುಗ್ಗಿಸದೆ ಅದರಿಂದ ಲಾಭ ಪಡೆಯುವ ಯುಕ್ತಿ ಕಲಿತಿವೆ. ಕೌಂಟರಿನ ಬದಿಯಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಸರಿಯಾಗಿ ಚಾಕೊಲೇಟು, ಚಿಪ್ಸುಗಳನ್ನು ಜೋಡಿಸಿರುತ್ತಾರೆ. ಬೇಸತ್ತ ಮಗುವೂ ದಣಿದ ತಾಯಿಯೂ ಅಲ್ಲಿ ಹತ್ತು ನಿಮಿಷ ನಿಂತರೆ ಯಾರು ಗೆಲ್ಲುವರೆಂಬುದು ಅಂಗಡಿಯವರಿಗೆ ಗೊತ್ತು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ದೊಡ್ಡ ಅಂಗಡಿಗಳು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ಇಂಥ ತಿಂಡಿಗಳನ್ನು ಬಿಲ್ಲಿನ ಕೌಂಟರಿನ ಬಳಿ ಇಡುವಂತಿಲ್ಲ. ಗ್ರಾಹಕನೇ ಬಿಲ್ಲನ್ನೂ ಮಾಡಿಕೊಳ್ಳುವ ಯಂತ್ರಗಳೂ ಬಂದಿವೆ. ಉಳಿದಿದ್ದ ಒಂದು ಕೆಲಸವನ್ನೂ ನಮಗೇ ವಹಿಸುವ ಏರ್ಪಾಡು ಅದು. ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಅಂಗಡಿಗಳ ಸಮೂಹವು 2023ರಲ್ಲಿ ತನ್ನ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆಗಳಲ್ಲಿ ಆ ಯಂತ್ರಗಳನ್ನು ತೆಗೆದು ಮನುಷ್ಯರನ್ನೇ ಕೂರಿಸಲು ನಿರ್ಧರಿಸಿತು.

‘ಕೂರಿಸಿ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ನಮ್ಮ ಎಷ್ಟೋ ಅಂಗಡಿಗಳಲ್ಲಿ ಬಿಲ್ಲು ಮಾಡುವವರಿಗೆ ಕುರ್ಚಿಯಿಲ್ಲ. ದಿನವಿಡೀ ನಿಂತರೆ ರಕ್ತವು ಕಾಲಿನ ಅಭಿಧಮನಿಗಳಿಂದ ಮೇಲಕ್ಕೇರಲು ಕಷ್ಟವಾಗಿ ಕಾಲು ಬಾವುವುದು, ಸೊಂಟ ನೋಯುವುದು ವೈದ್ಯರೆಲ್ಲ ಬಲ್ಲ ಸಂಗತಿ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಆ ರಾಜ್ಯವೂ, 2021ರಲ್ಲಿ ತಮಿಳುನಾಡೂ ಅಂಗಡಿಯ ಕೆಲಸಗಾರರಿಗೆ ಆಸನ ಒದಗಿಸಬೇಕೆಂದು ಕಾನೂನನ್ನು ತಿದ್ದಿದುವು. ಕುಳಿತರೆ ಕೆಲಸ ನಿಧಾನವಾಗುವುದೆಂಬ ವಾದಕ್ಕೆ ಹುರುಳಿಲ್ಲ. ಯೂರೋಪಿನ ಅನೇಕ ಅಂಗಡಿಗಳಲ್ಲಿ ಕುಳಿತೇ ಬಿಲ್ಲು ಮಾಡುತ್ತಾರೆ, ಸ್ಕ್ಯಾನರಿಗೆ ಬೇಕಾದುದು ಕೈ ಮಾತ್ರ.

ಓದುಗರು ಹೋಗುವ ಅಂಗಡಿಯಲ್ಲಿ ಸಲಹೆಗಳನ್ನು ಬರೆಯುವ ಪುಸ್ತಕವಿದ್ದರೆ, ಭಾನುವಾರ ಸಂಜೆ ಆರರಿಂದ ಎಂಟರವರೆಗೆ ಇನ್ನೊಂದು ಕೌಂಟರನ್ನು ತೆರೆಯಬೇಕೆಂದೂ, ಎಲ್ಲ ಕೌಂಟರುಗಳ ಹಿಂದೆ ಕುರ್ಚಿ ಹಾಕಬೇಕೆಂದೂ ಅದರಲ್ಲಿ ಬರೆಯಬಹುದು. ಸಾಲಿನಲ್ಲಿ ನಿಂತಿರುವಾಗ ಅಷ್ಟು ಬರೆಯಲು ಸಮಯ ಧಾರಾಳವಾಗಿ ದೊರೆಯುತ್ತದೆ.