ಚಳಿಗಾಲ, ಎರಡು ಬೆಕ್ಕು, ಒಂದು ಕ್ಯಾಲೆಂಡರ್

ಮಕ್ಕಳೇ, ಮನೆಯಲ್ಲಿ ಬೆಕ್ಕಿದ್ದರೆ ಚಳಿಗಾಲ ಬಂತೆಂದು ತಿಳಿಯಲು ಪಂಚಾಂಗ ಬೇಕಾಗಿಲ್ಲ. ಅದು ಎಲ್ಲಿ ಮಲಗಿದೆ, ಹೇಗೆ ಮಲಗಿದೆ ಎಂದು ನೋಡಿದರೆ ಸಾಕು. ಬೇಸಿಗೆಯಲ್ಲಿ ಕೈಕಾಲು ನೀಡಿ ತಣ್ಣನೆಯ ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಳ್ಳುವ ಬೆಕ್ಕು, ಕಾರ್ತಿಕ ಕಳೆದು ಮಾರ್ಗಶಿರ ಬರುತ್ತಿದ್ದಂತೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತದೆ. ಮೂಗನ್ನು ಬಾಲದೊಳಗೆ ಹುದುಗಿಸಿಕೊಂಡರೆ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಹುಡುಕಬೇಕು.

ಸಾಗರದ ನಮ್ಮ ಮನೆಯಲ್ಲಿ ಬೆಕ್ಕುಗಳು ಎರಡು. ಹಿರಿಯಳು ಸುಬ್ಬಿ, ವಯಸ್ಸು 13. ಕಿರಿಯವನು ಬೂದಿ, ಅವನಿಗಿನ್ನೂ 2. ಬೂದಿಯ ಮೈಬಣ್ಣ ಬಿಳಿ. ಆದರೂ ಆ ಹೆಸರು ಬಂದದ್ದು ಅವನು ಬಚ್ಚಲಮನೆಯ ಹಂಡೆ ಒಲೆಯ ಮುಂದೆ ಬಿಸಿ ಬೂದಿಯಲ್ಲಿ ಹೊರಳುವುದರಿಂದ. ಬೆಳಿಗ್ಗೆ ಎದ್ದು ಬಂದರೆ ವಿಭೂತಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಾಣುತ್ತಾನೆ. ಮೀಸೆಯ ತುದಿ ಮಾತ್ರ ಸುಟ್ಟು ಸುರುಳಿಯಾಗಿರುತ್ತದೆ.

ಬೆಕ್ಕಿಗೆ ಇಷ್ಟು ಚಳಿ ಏಕೆ ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳು ಐದನೇ ತರಗತಿ. ಉತ್ತರ ಸುಲಭ. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಬೆಕ್ಕಿನದು 38ರಿಂದ 39ರವರೆಗೆ. ನಮಗೆ ಜ್ವರ ಎನಿಸುವುದು ಅದಕ್ಕೆ ಆರೋಗ್ಯ. ಸುತ್ತಲಿನ ಗಾಳಿ 30 ಡಿಗ್ರಿಯ ಮೇಲಿದ್ದರೆ ಮಾತ್ರ ಬೆಕ್ಕು ಹೆಚ್ಚು ಶ್ರಮವಿಲ್ಲದೆ ಮೈಯನ್ನು ಬೆಚ್ಚಗಿಟ್ಟುಕೊಳ್ಳಬಲ್ಲದು. ಅದಕ್ಕಿಂತ ಕಡಿಮೆಯಾದರೆ ಅದು ಬಿಸಿಲು, ಒಲೆ, ಕಂಬಳಿ, ಇಲ್ಲವೇ ಯಾರದಾದರೂ ತೊಡೆಯನ್ನು ಹುಡುಕುತ್ತದೆ. ಈಗಷ್ಟೇ ಬಂದು ನಿಂತ ಕಾರಿನ ಎಂಜಿನ್ ಅಡಿಯಲ್ಲಿಯೂ ನುಸುಳುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಕಾರು ಹೊರಡಿಸುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯುವುದು ನಮ್ಮ ಮನೆಯ ನಿಯಮ. ಆ ಕೆಲಸ ಮೊಮ್ಮಗಳದು.

ಇನ್ನು ಮನುಷ್ಯರ ಸಂಗತಿ. ಚಳಿಯಲ್ಲಿ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಸ್ವಲ್ಪ ಏರುತ್ತದೆ. ಮಂಡಿ ಹಿಡಿದುಕೊಳ್ಳುತ್ತದೆ. ಬಾಯಾರಿಕೆ ಆಗುವುದಿಲ್ಲವೆಂದು ನೀರು ಕುಡಿಯುವುದು ಕಡಿಮೆಯಾಗುತ್ತದೆ. ಹೀಗಾಗಿ ನಮ್ಮಂಥ ಹಿರಿಯರ ಕ್ಯಾಲೆಂಡರಿನಲ್ಲಿ ಈ ಎರಡು ತಿಂಗಳು ಹಬ್ಬಗಳಿಗಿಂತ ಡಾಕ್ಟರ ದಿನಗಳೇ ಹೆಚ್ಚು. ಅಡುಗೆಮನೆಯ ಗೋಡೆಯಲ್ಲಿ ತೂಗುವ ನಮ್ಮ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುರುತು ಅಜ್ಜನದು, ನೀಲಿ ನನ್ನದು, ಹಸಿರು ಬೆಕ್ಕುಗಳದು. ಶಾಯಿ ಆರಿಸಿದವಳು ಮೊಮ್ಮಗಳು. ಈ ಸಲ ಕೆಂಪು ಮತ್ತು ಹಸಿರು ಪೈಪೋಟಿಗೆ ಬಿದ್ದಿದ್ದವು.

ಮೊದಲು ಕೆಂಪು ಗುರುತಿನ ಕಥೆ. ಅಜ್ಜನಿಗೆ 74. ಎರಡು ವರ್ಷದಿಂದ ಬಲಗಣ್ಣಿಗೆ ಪೊರೆ. ಪತ್ರಿಕೆ ಓದುವಾಗ ಅದನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ತುತ್ತೂರಿ ಊದುವವರ ಹಾಗೆ ಆಡುತ್ತಿದ್ದರು. ಆಪರೇಷನ್ ಎಂದರೆ ಮಾತ್ರ ಎರಡು ಉತ್ತರ ಸಿದ್ಧ. ‘ಪೊರೆ ಇನ್ನೂ ಬಲಿತಿಲ್ಲ’ ಎಂಬುದೊಂದು. ಬೇಸಿಗೆಯಲ್ಲಿ ಕೇಳಿದರೆ, ‘ಸೆಕೆಗಾಲದಲ್ಲಿ ಕಣ್ಣು ಮುಟ್ಟಿಸಬಾರದು’ ಎಂಬುದು ಇನ್ನೊಂದು. ಈ ಎರಡು ಮಾತನ್ನೂ ಅನೇಕ ಅಜ್ಜ ಅಜ್ಜಿಯರು ಹೇಳುವುದನ್ನು ಕೇಳಿದ್ದೇನೆ. ಹಿಂದೆ ಅದಕ್ಕೆ ಅರ್ಥವಿತ್ತು. ಪೊರೆ ಗಟ್ಟಿಯಾದರೆ ಇಡಿಯಾಗಿ ತೆಗೆಯಲು ಅನುಕೂಲವಾಗುತ್ತಿತ್ತು. ಈಗ ಮೂರು ಮಿಲಿಮೀಟರಿನಷ್ಟೇ ಸಣ್ಣ ಸೀಳು ಮಾಡಿ, ಶಬ್ದಾತೀತ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಬಲಿಯಲು ಬಿಟ್ಟರೆ ಅದು ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದೆ. ಚಳಿಗಾಲ, ಬೇಸಿಗೆ, ಮಳೆಗಾಲ ಎಲ್ಲವೂ ಕಣ್ಣಿಗೆ ಒಂದೇ ಎಂದು ಡಾಕ್ಟರು ಅಜ್ಜನಿಗೆ ಹೇಳಿದರು. ಅಜ್ಜನಿಗೆ ಉಳಿದದ್ದು ಮೌನ.

ನಮ್ಮತ್ತೆಯವರ ಕಾಲ ಬೇರೆ. ಆಗ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿ ಸಾವಿರಾರು ಜನರ ಕಣ್ಣು ತೆರೆಸುತ್ತಿದ್ದರು. ನಮ್ಮತ್ತೆ ಅಂಥದೊಂದು ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರು. ಅಲುಗಾಡದೆ ಮಲಗಿದ್ದರಂತೆ. ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಅದನ್ನು ತೆಗೆದರೆ ಮಗ ಯಾರು, ಸೊಸೆ ಯಾರು ತಿಳಿಯುತ್ತಿರಲಿಲ್ಲ. ಏಕೆಂದರೆ ಆಗ ಕಣ್ಣಿನ ಮಸೂರವನ್ನು ತೆಗೆಯುತ್ತಿದ್ದರು, ಬದಲಿಗೆ ಏನನ್ನೂ ಇಡುತ್ತಿರಲಿಲ್ಲ.

ಬದಲಿ ಮಸೂರದ ಕಥೆ ಚೆನ್ನಾಗಿದೆ, ಕೇಳಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಕಿಟಕಿ ಒಡೆದು ಕೆಲವು ಪೈಲಟ್‌ಗಳ ಕಣ್ಣೊಳಗೆ ಚೂರುಗಳು ಸೇರಿದ್ದವು. ಧೂಳಿನ ಕಣ ಬಿದ್ದರೂ ಕೆಂಪಾಗುವ ಕಣ್ಣು ಆ ಚೂರುಗಳನ್ನು ಸುಮ್ಮನೆ ಸಹಿಸಿಕೊಂಡಿತ್ತು. ಇದನ್ನು ಗಮನಿಸಿದ ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲೆ, ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರಲ್ಲಿ ರೋಗಿಯೊಬ್ಬರ ಕಣ್ಣಿನಲ್ಲಿ ಇಟ್ಟರು. ಇಂದು ಅಜ್ಜನ ಕಣ್ಣಿನಲ್ಲಿ ಕೂತಿರುವುದು ಅದರ ಮೊಮ್ಮಗ ಎನ್ನಿ.

ಆದರೆ ಅದು ಅಲ್ಲಿ ಕೂರುವ ಮೊದಲು ಒಂದು ತಡೆ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಂಶ ಹೆಚ್ಚು. ‘ನಿನ್ನೆಯೊಂದು ದಿನ ಹೋಳಿಗೆ ತಿಂದೆ’ ಎಂದರು ಅಜ್ಜ. ಈಗಿನ ಪರೀಕ್ಷೆ ನಿನ್ನೆಯದಷ್ಟೇ ಅಲ್ಲ, ಮೂರು ತಿಂಗಳ ಲೆಕ್ಕವನ್ನೂ ಹೇಳುತ್ತದೆ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ, ಅಷ್ಟು ದಿನವೂ ರಕ್ತದ ಸಕ್ಕರೆ ಅವಕ್ಕೆ ಅಂಟುತ್ತಾ ಹೋಗುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಆಪರೇಷನ್ ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ಕೆಂಪು ಗುರುತು ಡಿಸೆಂಬರಿನಿಂದ ಹಾರಿ ಜನವರಿಯಲ್ಲಿ, ಸಂಕ್ರಾಂತಿಯ ಮರುವಾರ ಕೂತಿತು. ಆ ಒಂದೂವರೆ ತಿಂಗಳು ಅಜ್ಜ ದಿನಾ ಗಣಪತಿ ಕೆರೆಯ ಕಡೆಗೆ ನಡೆದರು. ಸಂಕ್ರಾಂತಿಯ ದಿನ ಮೊಮ್ಮಗಳು ಅವರ ಪಾಲಿನ ಎಳ್ಳುಬೆಲ್ಲದಿಂದ ಬೆಲ್ಲದ ಅಚ್ಚನ್ನೆಲ್ಲ ಹೆಕ್ಕಿ ತಾನು ತಿಂದು, ಎಳ್ಳು, ಕಡಲೆಬೀಜ, ಕೊಬ್ಬರಿಯನ್ನು ಅವರಿಗೆ ಕೊಟ್ಟಳು. ಒಳ್ಳೆಯ ಮಾತನ್ನು ಮಾತ್ರ ಧಾರಾಳವಾಗಿ ಆಡಿದಳು.

ಈಗ ಹಸಿರು ಗುರುತಿಗೆ ಬರೋಣ. ಬೂದಿಯದು ಸುಲಭ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಅದು ಮುಗಿಯಿತು. ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಅರಿಸಿನ ಹಚ್ಚಿ ಸುಮ್ಮನಾಗಬಾರದು ಮಕ್ಕಳೇ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ದೊಡ್ಡವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಬೈಯುತ್ತಾರೆಂದು ಮುಚ್ಚಿಡಬೇಡಿ.

ಸುಬ್ಬಿಯದೇ ಯೋಚನೆ. ಮಾರ್ಗಶಿರದಲ್ಲಿ ಮನುಷ್ಯರು ನೀರು ಮುಟ್ಟದಿರುವಾಗ ಅವಳು ಮಾತ್ರ ಬಟ್ಟಲು ಬಟ್ಟಲು ಕುಡಿಯತೊಡಗಿದಳು. ಬಟ್ಟಲು ಖಾಲಿಯಾದರೆ ತುಳಸಿಕಟ್ಟೆಯ ಚೊಂಬಿಗೆ ಮುಖ ಹಾಕುತ್ತಿದ್ದಳು. ಎತ್ತಿಕೊಂಡರೆ ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ಬೆಕ್ಕಿನ 13 ವರ್ಷ ಎಂದರೆ ಮನುಷ್ಯರ 68ಕ್ಕೆ ಸಮ ಎಂದು ಪಶುವೈದ್ಯರು ಲೆಕ್ಕ ಹಾಕುತ್ತಾರೆ. ನನಗೆ 69. ಅಂದರೆ ನನ್ನ ವಾರಿಗೆಯವಳು.

ಬಿದಿರಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ, ಮೇಲೆ ಬಲೆ ಕಟ್ಟಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಸುಮಾರು 70 ಕಿಲೋಮೀಟರ್. ದಾರಿಯುದ್ದಕ್ಕೂ ಒಂದೇ ಸ್ವರದಲ್ಲಿ ಕೂಗಿದಳು. ಅಲ್ಲಿ ಮುಂಗಾಲಿನಿಂದ ರಕ್ತ ತೆಗೆದರು. ಫಲಿತಾಂಶದ ಕಾಗದ ಬಂದಾಗ ಮೊಮ್ಮಗಳು ಅದನ್ನೂ ಅಜ್ಜನ ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಳು. ಎರಡರಲ್ಲಿಯೂ ‘ಕ್ರಿಯಾಟಿನಿನ್’ ಎಂಬ ಒಂದೇ ಹೆಸರು. ಅಜ್ಜನದು 1.1. ಸುಬ್ಬಿಯದು 3.2. ಬೆಕ್ಕಿಗೆ 1.6ರ ಒಳಗಿದ್ದರೆ ನೆಮ್ಮದಿ.

ಮೂತ್ರಪಿಂಡ ಒಂದು ಜರಡಿ. ರಕ್ತದ ಕಸವನ್ನು ಸೋಸಿ ಹೊರಗೆ ಹಾಕಿ, ಬೇಕಾದ ನೀರನ್ನು ಮೈಗೇ ಮರಳಿಸುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಈ ಜರಡಿ ಸವೆಯುವುದು ಸಾಮಾನ್ಯ. ಆಗ ನೀರು ಉಳಿಯದೆ ಹರಿದುಹೋಗುತ್ತದೆ, ಬೆಕ್ಕು ಬಾಯಾರಿ ಮತ್ತೆ ಮತ್ತೆ ಕುಡಿಯುತ್ತದೆ. ಬೆಕ್ಕು ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಮೂತ್ರಪಿಂಡದ ಬಹುಪಾಲು ಸವೆದ ಮೇಲೆಯೇ ಹೊರಗೆ ಗೊತ್ತಾಗುವುದು.

ಮೊಮ್ಮಗಳು ನೇರವಾಗಿ ವೈದ್ಯರನ್ನೇ ಕೇಳಿದಳು: ‘ಸುಬ್ಬಿ ಹುಷಾರಾಗ್ತಾಳಾ?’

ವೈದ್ಯರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ‘ಇದು ವಾಸಿಯಾಗುವ ಕಾಯಿಲೆ ಅಲ್ಲ, ಪುಟ್ಟಾ. ಆದರೆ ನೀವು ಚೆನ್ನಾಗಿ ನೋಡಿಕೊಂಡರೆ ಅವಳು ಇನ್ನೂ ಸ್ವಲ್ಪ ಕಾಲ ಆರಾಮವಾಗಿ ಇರ್ತಾಳೆ’ ಎಂದರು. ಎಷ್ಟು ಕಾಲ ಎಂದು ಅವಳು ಕೇಳಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿಕೊಂಡೇ ಸಾಗರದವರೆಗೆ ಬಂದಳು. ಆನಂದಪುರ ದಾಟುವಾಗ ಒಂದು ಮಾತು ಹೇಳಿದಳು: ‘ಅಜ್ಜಿ, ಡಾಕ್ಟರು ಸುಳ್ಳು ಹೇಳಲಿಲ್ಲ ಅಲ್ವಾ?’ ‘ಇಲ್ಲ’ ಎಂದೆ. ಅವಳಿಗೆ ಅದೇ ಸಮಾಧಾನವಾದಂತೆ ಕಂಡಿತು. ಮಕ್ಕಳ ಮುಂದೆ ಕಾಯಿಲೆಯ ಮಾತನ್ನು ಪಿಸುಗುಟ್ಟುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಪಿಸುಮಾತು ಮಕ್ಕಳ ಕಿವಿಯಲ್ಲಿ ದೊಡ್ಡದಾಗುತ್ತದೆ. ನಿಜವನ್ನು ಮೆಲ್ಲಗೆ, ಪೂರ್ತಿಯಾಗಿ ಹೇಳಿದರೆ ಅವರು ಅದಕ್ಕೊಂದು ಕೆಲಸ ಹುಡುಕಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಸುಬ್ಬಿಗೆ ದಿನ ಬಿಟ್ಟು ದಿನ ಚರ್ಮದ ಕೆಳಗೆ 100 ಮಿಲಿಲೀಟರ್ ಸಲೈನ್ ಕೊಡಬೇಕು. ವೈದ್ಯರು ನನ್ನ ಕೈ ಹಿಡಿದು ಕಲಿಸಿದರು. ಭುಜಗಳ ನಡುವಿನ ಸಡಿಲ ಚರ್ಮವನ್ನು ಗುಡಾರದ ಹಾಗೆ ಎತ್ತಿ ಸೂಜಿ ಚುಚ್ಚಬೇಕು. ಸಲೈನ್ ಒಳಗೆ ಹೋದ ಮೇಲೆ ಅಲ್ಲೊಂದು ಡುಬ್ಬ ಎದ್ದು, ಕೆಲವು ಗಂಟೆಗಳಲ್ಲಿ ಕರಗುತ್ತದೆ. ವೈದ್ಯರು ಕಲಿಸದೆ ಇದನ್ನು ಯಾರೂ ಮಾಡಬಾರದು. ಮೊಮ್ಮಗಳು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಬಿಸಿ ಮಾಡುವಳು. ನಾನು ಚುಚ್ಚುವವಳು. ಬಾಟಲಿ ಎತ್ತಿ ಹಿಡಿಯುವುದು ಅಜ್ಜನ ಕೆಲಸ. ಆದರೆ ಅದರ ಮೇಲಿನ ಗೆರೆಗಳು ಅವರಿಗೆ ಕಾಣುತ್ತಿರಲಿಲ್ಲ. ‘ಎಷ್ಟಾಯ್ತು?’ ಎಂದು ನಾನು ಕೇಳಿದರೆ, ‘ಆಗ್ತಾ ಇದೆ’ ಎನ್ನುತ್ತಿದ್ದರು. ಮೊಮ್ಮಗಳು ಕುರ್ಚಿ ಹತ್ತಿ ಗೆರೆ ಓದುತ್ತಿದ್ದಳು.

ಜನವರಿಯಲ್ಲಿ ಅಜ್ಜನ ಆಪರೇಷನ್ ಆಯಿತು. ಒಳಗೆ ಹೋದದ್ದೂ ಗೊತ್ತು, ಹೊರಗೆ ಬಂದದ್ದೂ ಗೊತ್ತು, ನಡುವೆ ಅರ್ಧ ಗಂಟೆಯೂ ಇಲ್ಲ. ಸಂಜೆ ಮನೆಯಲ್ಲಿದ್ದರು. ಕಷ್ಟವಿದ್ದದ್ದು ಆಮೇಲೆ. ಕಣ್ಣಿಗೆ ನೀರು ತಾಗಬಾರದು, ಉಜ್ಜಬಾರದು, ಹಂಡೆ ಒಲೆಯ ಹೊಗೆಯ ಹತ್ತಿರ ಹೋಗಬಾರದು, ದಿನಕ್ಕೆ ಹಲವು ಸಲ ಔಷಧಿಯ ಹನಿ ಹಾಕಬೇಕು. ಬೆಕ್ಕು ಹಾಸಿಗೆಗೆ ಬರಲೇಬಾರದು. ಎರಡು ವರ್ಷದಿಂದ ಅಜ್ಜನ ದಿಂಬಿನ ಅರ್ಧ ಪಾಲುದಾರನಾಗಿದ್ದ ಬೂದಿಗೆ ಇದು ಒಪ್ಪಿಗೆಯಾಗಲಿಲ್ಲ. ಮೂರು ರಾತ್ರಿ ಬಾಗಿಲು ಕೆರೆದು, ಅಂಡು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಸುತ್ತಿದ. ನಾಲ್ಕನೆಯ ರಾತ್ರಿ ನನ್ನ ಹೊದಿಕೆಯೊಳಗೆ ರಾಜಿಯಾದ.

ಔಷಧಿಗಳ ಡಬ್ಬಿ ಮಾತ್ರ ಈಗ ಕಪಾಟಿನ ಒಳಗೆ. ಬೆಕ್ಕು ಸಾಕಿರುವವರು ಇದನ್ನು ಗಮನಿಸಿ: ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಬೆಕ್ಕಿಗೆ ಮೈ ಬಿಸಿಯಿದೆಯೆಂದು ಪ್ರೀತಿಯಿಂದ ಅರ್ಧ ಮಾತ್ರೆ ಕೊಡುವವರಿದ್ದಾರೆ, ಬೇಡ. ಹಾಲಿನ ವಿಷಯವೂ ಅಷ್ಟೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ ಕಥೆ ನಿಮಗೆ ಗೊತ್ತು. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ನೀರೇ ಒಳ್ಳೆಯದು.

ಆಪರೇಷನ್ ಆಗಿ ಒಂದು ವಾರಕ್ಕೆ ಸುಬ್ಬಿಯ ಸಲೈನ್ ದಿನ. ಅಜ್ಜ ಕಪ್ಪು ಕನ್ನಡಕ ತೆಗೆದಿಟ್ಟು ಬಾಟಲಿ ಎತ್ತಿ ಹಿಡಿದರು. ನಾನು ಕೇಳುವ ಮೊದಲೇ, ‘ನಲವತ್ತು... ಅರವತ್ತು...’ ಎಂದು ಎಣಿಸತೊಡಗಿದರು. ಮೊಮ್ಮಗಳು ಕುರ್ಚಿಯ ಹತ್ತಿರ ಹೋದವಳು ಅಲ್ಲಿಯೇ ನಿಂತಳು. ‘ನೂರು, ಸಾಕು’ ಎಂದರು ಅಜ್ಜ. ಆಮೇಲೆ ಸುಬ್ಬಿಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ‘ಇವಳ ಕೆನ್ನೆಯ ಮೇಲೆ ಇಷ್ಟು ನರೆ ಯಾವಾಗ ಬಂತು?’ ಎಂದು ಕೇಳಿದರು.

ಸುಬ್ಬಿಯ ತೂಕ ಈ ತಿಂಗಳು ಇಳಿದಿಲ್ಲ, ಏರಿಯೂ ಇಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲು ಸರಿದಂತೆ ತಾನೂ ಸರಿಯುತ್ತಾ ಮಧ್ಯಾಹ್ನ ಕಳೆಯುತ್ತಾಳೆ. ಮುಂದಿನ ಹಸಿರು ಗುರುತು ಫೆಬ್ರವರಿ ಎರಡನೇ ವಾರದಲ್ಲಿದೆ.

ಈ ಭಾನುವಾರಕ್ಕೆ ಮಕ್ಕಳಿಗೊಂದು ಕೆಲಸ. ನಿಮ್ಮ ಮನೆಯ ಬೆಕ್ಕು ಗಾಢವಾಗಿ ಮಲಗಿರುವಾಗ ಅದರ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಒಮ್ಮೆ ಏರಿ ಇಳಿದರೆ ಒಂದು. 30ರ ಒಳಗಿರಬೇಕು. ದಿನವೂ ಅದಕ್ಕಿಂತ ಹೆಚ್ಚಿದ್ದರೆ ಪಶುವೈದ್ಯರಿಗೆ ತಿಳಿಸಿ. ಬೆಕ್ಕಿಲ್ಲದವರು ಅಜ್ಜನ ಅಥವಾ ಅಜ್ಜಿಯ ಮಣಿಕಟ್ಟಿನಲ್ಲಿ ನಾಡಿ ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಅಜ್ಜ ಅಜ್ಜಿಯರೇ, ಆ ಒಂದು ನಿಮಿಷ ಮಾತಾಡದೆ ಕೈ ಕೊಟ್ಟು ಕೂತಿರಿ. ನಮ್ಮ ಮನೆಯ ನಿನ್ನೆಯ ಲೆಕ್ಕ ಹೀಗಿದೆ: ಅಜ್ಜನ ನಾಡಿ 74, ನನ್ನದು 78, ಸುಬ್ಬಿಯ ಉಸಿರು 24. ಬೂದಿ ಮಾತ್ರ ಎಣಿಸಲು ಬಿಡಲಿಲ್ಲ.