ಹಿತ್ತಲಿನ ನೇಗಿಲು

ಕಳೆದ ವಾರ ಊರಿಗೆ ಹೋಗಿದ್ದಾಗ ತಮ್ಮನು ಹಿತ್ತಲಿನ ಕಬ್ಬಿಣದ ನೇಗಿಲನ್ನೂ ಕೂರಿಗೆಯನ್ನೂ ತೋರಿಸಿ, "ಅಣ್ಣಾ, ಇವನ್ನ ಮಾರಿಬಿಡ್ಲೇನು?" ಎಂದು ಕೇಳಿದನು.

ನೇಗಿಲು ತಂದೆಯವರು ಕೊಂಡದ್ದು. 1903ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಗುಲಿದರೆ ಭೂಮಿ ಕೆಡುವುದೆಂದು ರೈತರು ಹಿಂಜರಿದರಂತೆ. (ಪಾಠ ಹೇಳುವ ಚಟ ಇನ್ನೂ ಹೋಗಿಲ್ಲ, ಶಿಷ್ಯರು ನಗಬಾರದು.) ನಮ್ಮದರ ಕುಳ ಪೂರ್ತಿ ಸವೆದಿದೆ, ಉಳಿದದ್ದನ್ನು ತುಕ್ಕು ತಿಂದಿದೆ. ಕರಗಿದರೆ ಬೇರೊಂದು ಉಪಕರಣವಾದೀತು. ಅದು ಗುಜರಿಗೆ ಹೋಗಲಿ.

ಕೂರಿಗೆಯ ಮಾತು ಬೇರೆ. ಜಾಲಿಯ ದಿಂಡು ಇನ್ನೂ ಗಟ್ಟಿಯಾಗಿದೆ. ಬಿದಿರಿನ ಕೊಳವೆಗಳನ್ನು ಬದಲಿಸಿದರೆ ಸಾಕು. ಪಟ್ಟಣದ ಹೋಟೆಲಿನವರೊಬ್ಬರು ಗೋಡೆಗೆ ತೂಗುಹಾಕಲು ಒಳ್ಳೆಯ ಬೆಲೆ ಕೊಡುತ್ತಾರಂತೆ. ನನಗದು ಸರಿಬೀಳದು. ನಮ್ಮವ್ವ ಅದರ ಬಟ್ಟಲಿಗೆ ಜೋಳದ ಬೀಜ ಬಿಡುತ್ತ ನಡೆಯುತ್ತಿದ್ದಳು. ಮುಷ್ಟಿ ಬಿಗಿಯಾದರೆ ಸಾಲು ಬರಿದು, ಸಡಿಲವಾದರೆ ಬೀಜ ದಂಡ. ಇನ್ನೂ ಎತ್ತು ಕಟ್ಟಿರುವ ನೆರೆಯವನಿಗೆ ಅರ್ಧ ಬೆಲೆಗಾದರೂ ಕೊಡುವುದು ಲೇಸು.

ಆದರೆ ನೌಕರಿಗೆಂದು ಊರು ಬಿಟ್ಟವನು ನಾನು. ನಲವತ್ತು ವರ್ಷ ಅವುಗಳ ಹಿಂದೆ ನಡೆದವನು ತಮ್ಮ. ತೀರ್ಮಾನ ಅವನದೇ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದೆಯೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಎರಡು ಬೆಲೆಗಳ ಅಂತರವನ್ನು ಈ ತಿಂಗಳ ಪಿಂಚಣಿಯಿಂದ ಕಳುಹಿಸಿದ್ದೇನೆ. ಅವನಿನ್ನೂ ಉತ್ತರ ಕೊಟ್ಟಿಲ್ಲ.